ತಮಗೆ ತಾವೇ ವೈದ್ಯರು

ರೋಗಿಯು ತನ್ನ ರೋಗವನ್ನು ತಾನೇ ನಿಶ್ಚಯಿಸಿ, ಮದ್ದನ್ನು ತಾನೇ ಆರಿಸಿ, ಅದರ ಅಳತೆಯನ್ನೂ ತಾನೇ ಗೊತ್ತುಮಾಡಿಕೊಂಡು ಸೇವಿಸುವುದಕ್ಕೆ ಸ್ವಯಂವೈದ್ಯವೆಂದು ಹೆಸರು. ಇದೇನೂ ಹೊಸದಲ್ಲ. ನೆಗಡಿಯಾದಾಗ ಮೆಣಸು ಜೀರಿಗೆಯ ಕಷಾಯ ಕುದಿಸದ ಅಡುಗೆಮನೆ ನಮ್ಮ ಮಲೆನಾಡಿನಲ್ಲಿ ಎಲ್ಲಿದೆ? ಆದರೆ ಅಜ್ಜಿಯ ಕಷಾಯದ ವಿಚಾರವನ್ನು ನಾನಿಲ್ಲಿ ಎತ್ತಿಕೊಂಡಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಮೊದಲಾದ ವ್ಯಾಸಂಗಗಳಲ್ಲಿ ತೊಡಗಿರುವ ವಿದ್ಯಾರ್ಥಿಗಳೇ ತಮಗೆ ಕಾಯಿಲೆಯಾದಾಗ ವೈದ್ಯರ ಬಳಿಗೆ ಹೋಗದೆ, ಔಷಧದ ಅಂಗಡಿಗೆ ಹೋಗಿ ಮಾತ್ರೆಯ ಹೆಸರು ಹೇಳಿ ಕೊಂಡು ನುಂಗುವ ರೂಢಿಯೊಂದುಂಟು. ಅದು ಈ ಲೇಖನದ ವಸ್ತು.

ಕಲಾ ವಿಭಾಗದ ವಿದ್ಯಾರ್ಥಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸುಮಾರು 18 ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಬಿಳಿಯ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡ ಹುಡುಗ ಹುಡುಗಿಯರು ನಮ್ಮ ಪಕ್ಕದಲ್ಲಿಯೇ ನಿಂತಿರುತ್ತಾರೆ. ನಾವು ಕೆಮ್ಮಿದರೆ "ಇದನ್ನು ತಗೊಳ್ಳಿ, ಮೂರು ದಿನದಲ್ಲಿ ಸರಿಹೋಗುತ್ತೆ" ಎಂದು ಚೀಲದಿಂದ ಮಾತ್ರೆ ತೆಗೆದುಕೊಡುವವರು ಅವರೇ. ಅವರು ತಮಗೆ ಮಾಡಿಕೊಳ್ಳುವ ವೈದ್ಯ ಅವರಲ್ಲಿಗೇ ನಿಲ್ಲುವುದಿಲ್ಲ. ರೂಮಿನ ಗೆಳೆಯನಿಗೆ, ಊರಿನ ತಂದೆತಾಯಿಗಳಿಗೆ, ನಮ್ಮಂಥ ಸಹಪ್ರಯಾಣಿಕರಿಗೆ ಹಬ್ಬುತ್ತದೆ. ಆದಕಾರಣ ಇದು ನಮ್ಮ ವಿಷಯವೂ ಹೌದು.

ಇದು ನಮ್ಮೂರಿನ ಮಕ್ಕಳ ದೋಷವೇನೂ ಅಲ್ಲ. ನಮ್ಮ ಕರಾವಳಿಯ ವೈದ್ಯ ವಿದ್ಯಾರ್ಥಿಗಳನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 440 ಮಂದಿ ಉತ್ತರ ಕೊಟ್ಟಿದ್ದರು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಸ್ವಯಂವೈದ್ಯ ಮಾಡಿಕೊಂಡವರೇ ಆಗಿದ್ದರು. ಓದು ಹೆಚ್ಚಿದಷ್ಟೂ ಈ ರೂಢಿ ಕಡಿಮೆಯಾಗಬೇಕೆಂದು ನಾವು ಹೊರಗಿನವರು ಎಣಿಸುತ್ತೇವೆ. ನಡೆಯುವುದು ಬೇರೆ. ಔಷಧದ ಹೆಸರು ತಿಳಿಯದವನಿಗೆ ಭಯವಿರುತ್ತದೆ. ತಿಳಿದವನಿಗೆ ಅದು ಬಿಟ್ಟುಹೋಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಔಷಧವನ್ನು ತಿಳಿಯುವುದು ಬೇರೆ, ರೋಗವನ್ನು ತಿಳಿಯುವುದು ಬೇರೆ. ವೈದ್ಯ ವಿದ್ಯಾರ್ಥಿಯು ಔಷಧ ವಿಜ್ಞಾನವನ್ನು ಎರಡನೆಯ ಹಂತದಲ್ಲಿ ಓದುತ್ತಾನೆ. ಯಾವ ಮಾತ್ರೆ ಯಾವ ರೋಗಾಣುವನ್ನು ಕೊಲ್ಲುತ್ತದೆಂಬುದು ಅವನಿಗೆ ಆಗ ಬಾಯಿಪಾಠ. ಆದರೆ ಎದುರಿಗೆ ಕುಳಿತ ರೋಗಿಯ ಜ್ವರ ಯಾವ ಜ್ವರವೆಂದು ಬೇರ್ಪಡಿಸುವ ವಿದ್ಯೆ ಕೈಗೆ ಹತ್ತುವುದು ವಾರ್ಡುಗಳಲ್ಲಿ ವರ್ಷಗಟ್ಟಲೆ ಸುತ್ತಿದ ಮೇಲೆ. ಎರಡು ವರ್ಷದ ಡಿಪ್ಲೊಮಾ ಫಾರ್ಮಸಿಯವನಿಗಾಗಲಿ, ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿನವಳಿಗಾಗಲಿ ರೋಗನಿರ್ಣಯವು ಮುಖ್ಯ ಪಾಠವೇ ಅಲ್ಲ. ಅವರ ವಿದ್ಯೆಯ ಘನತೆ ಬೇರೆ ಕಡೆಗಿದೆ. ಅಂದಮೇಲೆ, ಬೀಗ ಯಾವುದೆಂದು ನೋಡುವ ಮೊದಲೇ ಕೈಯಲ್ಲಿ ಕೀಲಿಕೈಯ ಗೊಂಚಲು ಸಿಕ್ಕವರ ಸ್ಥಿತಿ ಇದು.

ಇಷ್ಟಕ್ಕೂ ಅವರು ವೈದ್ಯರ ಬಳಿ ಏಕೆ ಹೋಗುವುದಿಲ್ಲ? ನಾನು ಬಸ್ಸಿನಲ್ಲಿಯೂ ವಠಾರದಲ್ಲಿಯೂ ಪರಿಚಯವಿದ್ದ ಕೆಲವರನ್ನು ಕೇಳಿದೆ. "ಅಷ್ಟು ಸಣ್ಣ ಕಾಯಿಲೆಗೆ ಯಾಕೆ?" ಎಂಬುದು ಎಲ್ಲರೂ ಮೊದಲು ಹೇಳಿದ ಮಾತು. ಹೊರರೋಗಿ ವಿಭಾಗದಲ್ಲಿ ಸರದಿ ಕಾಯ್ದರೆ ಬೆಳಗಿನ ಎರಡು ತರಗತಿ ಹೋಯಿತು, ಹಾಜರಾತಿ ಹೋಯಿತು. ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ಇದ್ದೇ ಇರುತ್ತಾನೆ. ಅವನು ಹೇಳಿದ್ದೇ ವೇದ. ಹೋದ ವರ್ಷದ ಚೀಟಿ ಪುಸ್ತಕದ ನಡುವೆ ಇದೆ. ಅರ್ಧ ಉಳಿದ ಮಾತ್ರೆಯ ಪಟ್ಟಿ ಪೆಟ್ಟಿಗೆಯಲ್ಲಿದೆ. ಆದರೆ ಒಬ್ಬ ಹುಡುಗಿ ಹೇಳಿದ ಕಾರಣ ನನಗೆ ಹೆಚ್ಚು ನಿಜವೆನ್ನಿಸಿತು: ನಾಳೆ ತನ್ನನ್ನು ಪ್ರಶ್ನೆ ಕೇಳಿ ಅಂಕ ಹಾಕುವವರ ಮುಂದೆ ಇಂದು ನಾಲಿಗೆ ಚಾಚಿ ಕೂರುವುದಕ್ಕೆ ಸಂಕೋಚವಂತೆ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ. ದಿನವೂ ಓಡಾಡುವ ಆಸ್ಪತ್ರೆಯೇ ಈ ಮಕ್ಕಳಿಗೆ ಹಿತ್ತಲ ಗಿಡವಾಗಿದೆ!

ಇನ್ನು ಊರಿನವರ ಪಾತ್ರ. ನನ್ನ ಚಿಕ್ಕಪ್ಪನ ಮಗಳು ನರ್ಸಿಂಗ್ ಸೇರಿದ ಮೊದಲ ವರ್ಷದಿಂದಲೇ ತೀರ್ಥಹಳ್ಳಿ ಕಡೆಯ ನಮ್ಮ ನೆಂಟರಿಗೆಲ್ಲ ಅವಳು ಡಾಕ್ಟರು. "ಏನಮ್ಮ, ಮಾವಂಗೆ ನಿನ್ನೆಯಿಂದ ಜ್ವರ, ಮೈಕೈ ನೋವು, ಯಾವ ಮಾತ್ರೆ ಕೊಡಲಿ?" ಎಂದು ಅತ್ತೆ ದೂರವಾಣಿ ಮಾಡುತ್ತಾರೆ. ಇಲ್ಲವೆನ್ನುವುದು ಕಷ್ಟ. ಅಷ್ಟು ದುಡ್ಡು ಸುರಿದು ಓದಿಸಿ ಒಂದು ಮಾತ್ರೆಯ ಹೆಸರೂ ಹೇಳಲಾರಳೇ ಎನ್ನುತ್ತಾರೆ. ಅವಳು ಗಟ್ಟಿ ಹುಡುಗಿ. ಜ್ವರ ಎಷ್ಟು ದಿನದ್ದು, ಕಾಡಿಗೆ ಸೊಪ್ಪು ದರಗಿಗೆ ಹೋಗಿದ್ದರೇ ಎಂದು ಕೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗುವ ತನಕ ಬಿಡುವುದಿಲ್ಲ. ಇದರಿಂದ ನೆಂಟರಲ್ಲಿ ಅವಳಿಗೆ ಸ್ವಲ್ಪ ಕೆಟ್ಟ ಹೆಸರೂ ಬಂದಿದೆ.

ಅವಳು ಕೇಳುವ ಕಾಡಿನ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ವಿಶೇಷವಾದ ಅರ್ಥವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಣ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ಮಲಗಿದರು. ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂದು ಮೊದಲು ಗಾಬರಿಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿ, ಉಣುಗು ಕಚ್ಚುವುದರಿಂದ ಹರಡುವ ಹೊಸದೊಂದು ವೈರಸ್ಸೆಂದು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವ ಇದಕ್ಕೆ ಲೋಕದ ವೈದ್ಯಗ್ರಂಥಗಳಲ್ಲೆಲ್ಲ ನಮ್ಮ ಕಾಡಿನ ಹೆಸರೇ ನಿಂತಿದೆ. ಇಂಥ ಕೀರ್ತಿ ಯಾವ ಊರಿಗೂ ಬೇಡ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮತ್ತೆ ಪ್ರಾಣಗಳನ್ನು ತೆಗೆದುಕೊಂಡಿತು.

ಈ ಜ್ವರದ ಲಕ್ಷಣವಾದರೂ ಏನು? ಥಟ್ಟನೆ ಏರುವ ಜ್ವರ, ತಲೆ ಸಿಡಿತ, ಸೊಂಟ ಮಾಂಸಖಂಡಗಳ ನೋವು. ಡೆಂಗ್ಯೂ ಜ್ವರದ ಆರಂಭವೂ ಹೆಚ್ಚುಕಡಿಮೆ ಹೀಗೆಯೇ. ಇಲಿ ಜ್ವರವೂ ಹೀಗೆಯೇ. ಮಾಮೂಲು ಶೀತಜ್ವರವೂ ಮೊದಲ ದಿನ ಹೀಗೆಯೇ ಕಾಣಬಹುದು. ಪುಸ್ತಕ ಓದಿದ ಮಾತ್ರಕ್ಕೆ ರೂಮಿನಲ್ಲಿ ಕುಳಿತು ಇವುಗಳನ್ನು ಬೇರ್ಪಡಿಸುವುದು ದೊಡ್ಡ ವೈದ್ಯರಿಗೂ ಆಗದ ಕೆಲಸ. ರಕ್ತ ಪರೀಕ್ಷೆಯೇ ಆಗಬೇಕು. ಹೀಗಿರುವಾಗ ನಮ್ಮ ವಿದ್ಯಾರ್ಥಿ ಮಾಡುವುದೇನು? ಮೈಕೈ ನೋವಿಗೆಂದು ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ನುಂಗುತ್ತಾನೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ಟುಗಳ ಕೆಲಸವನ್ನು ಈ ಮಾತ್ರೆಗಳು ಕುಂದಿಸುತ್ತವೆ. ಜಠರದ ಒಳಪದರವನ್ನೂ ಕೆರಳಿಸುತ್ತವೆ. ಡೆಂಗ್ಯೂವಿನಲ್ಲಿಯೂ ಮಂಗನ ಕಾಯಿಲೆಯಲ್ಲಿಯೂ ರಕ್ತಸ್ರಾವವೇ ದೊಡ್ಡ ಭಯ. ಅಂದರೆ ರೋಗ ಯಾವ ಬಾಗಿಲಿನಿಂದ ಒಳಹೊಕ್ಕಿದೆಯೋ ಅದೇ ಬಾಗಿಲನ್ನು ಇವನೂ ತೆರೆದಿಟ್ಟ ಹಾಗಾಯಿತು.

ಮಂಗನ ಕಾಯಿಲೆಗೆ ನೇರವಾದ ಔಷಧವಿಲ್ಲ. ಆಸ್ಪತ್ರೆಯ ಆರೈಕೆ, ದ್ರವಾಂಶದ ಪೂರೈಕೆ, ರಕ್ತಸ್ರಾವದ ಮೇಲೆ ಕಣ್ಣು, ಇಷ್ಟೇ. ಹಿಡಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಕೆಲವರಲ್ಲಿ ಜ್ವರ ಇಳಿದು, ಒಂದೆರಡು ವಾರ ಕಳೆದು, ತಲೆನೋವು ನಡುಕಗಳೊಡನೆ ಮರಳಿ ಬರುತ್ತದೆ. "ಮಾತ್ರೆ ತಗೊಂಡೆ, ಇಳಿಯಿತು" ಎಂದು ಸಮಾಧಾನಪಟ್ಟವನು ಆಗ ಎಲ್ಲಿರುತ್ತಾನೆ? ಶಿವಮೊಗ್ಗದಲ್ಲಿ ಇದಕ್ಕಾಗಿಯೇ ವೈರಸ್ ಪ್ರಯೋಗಾಲಯವಿದೆ. ಆದರೆ ರಕ್ತದ ಮಾದರಿ ಅಲ್ಲಿಗೆ ತಲುಪಬೇಕಾದರೆ ರೋಗಿ ಮೊದಲು ಆಸ್ಪತ್ರೆಗೆ ಬರಬೇಕಷ್ಟೆ.

ಇದು ವೈರಸ್ಸಿನ ಮಾತಾಯಿತು. ಬ್ಯಾಕ್ಟೀರಿಯಾಗಳ ಕಥೆ ಇನ್ನೊಂದು ಬಗೆ. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುತ್ತ ಒಬ್ಬ ಕಲ್ಪಿತ ಗೃಹಸ್ಥನ ಕಥೆ ಹೇಳಿದನು. ಆ ಗೃಹಸ್ಥನಿಗೆ ಗಂಟಲು ನೋವು. ಅಂಗಡಿಯಲ್ಲಿ ಪೆನಿಸಿಲಿನ್ ಕೊಂಡು, ರೋಗಾಣು ಸಾಯುವಷ್ಟಲ್ಲ, ಪೆಟ್ಟು ತಿಂದು ಪಾಠ ಕಲಿಯುವಷ್ಟು ಮಾತ್ರ ಸೇವಿಸುತ್ತಾನೆ. ಪಾಠ ಕಲಿತ ರೋಗಾಣು ಅವನ ಹೆಂಡತಿಗೆ ಅಂಟುತ್ತದೆ, ಅವಳಿಗೆ ನ್ಯೂಮೋನಿಯ, ಪೆನಿಸಿಲಿನ್ ಕೊಟ್ಟರೆ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಈ ಸಾವಿಗೆ ಹೊಣೆ ಯಾರೆಂದು ಫ್ಲೆಮಿಂಗ್ ಸಭೆಯನ್ನೇ ಕೇಳಿದನು. ಸಾವು ಬಂದದ್ದು ಮಾತ್ರೆ ನುಂಗಿದವನಿಗಲ್ಲ, ಅವನ ಮನೆಯವಳಿಗೆ ಎಂಬುದನ್ನು ಗಮನಿಸಿ. ಅಂದು ಅದು ಕಲ್ಪನೆ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ ಲೋಕದಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ನಮ್ಮ ಹಾಸ್ಟೆಲುಗಳಲ್ಲಿ ಪೆನಿಸಿಲಿನ್ನಿನ ಜಾಗದಲ್ಲಿ ಈಗ ಅಜಿತ್ರೋಮೈಸಿನ್ ಇದೆ. ಮೂರು ದಿನ, ದಿನಕ್ಕೊಂದು, ಇದಕ್ಕಿಂತ ಸುಲಭವೇನಿದೆ? ನೆಗಡಿ ಗಂಟಲು ಕೆರೆತಗಳಿಗೆ ಬಹುಪಾಲು ಕಾರಣ ವೈರಸ್; ಅದರ ಮೇಲೆ ಈ ಮಾತ್ರೆಯ ಆಟ ನಡೆಯದು. ಮೂರು ದಿನದಲ್ಲಿ ನೆಗಡಿ ತಾನಾಗಿ ಇಳಿಯುತ್ತದೆ, ಹೆಸರು ಮಾತ್ರೆಗೆ ಬರುತ್ತದೆ. ಅಷ್ಟೇ ಆಗಿದ್ದರೆ ದುಡ್ಡು ದಂಡವೆಂದು ಬಿಡಬಹುದಿತ್ತು. ಆದರೆ ಈ ಔಷಧ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ ಬೇಕು. ಕೊನೆಯ ಮಾತ್ರೆ ನುಂಗಿದ ಮೇಲೂ ಬಹಳ ದಿನ ಅದು ಸ್ವಲ್ಪ ಸ್ವಲ್ಪವಾಗಿ ಉಳಿದು, ನಮ್ಮ ಗಂಟಲಿನಲ್ಲಿ ಕರುಳಿನಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳಿಗೆ ಫ್ಲೆಮಿಂಗ್ ಹೇಳಿದ ಪಾಠವನ್ನು ಕಲಿಸುತ್ತಿರುತ್ತದೆ.

ಇದಕ್ಕಿಂತ ಕಳವಳದ ಸಂಗತಿ ಕ್ಷಯದ್ದು. ವಾರ್ಡಿನಲ್ಲಿ ಕ್ಷಯರೋಗಿಗಳ ಹತ್ತಿರ ಕೆಲಸ ಮಾಡುವ ನರ್ಸಿಂಗ್ ವಿದ್ಯಾರ್ಥಿನಿಗೆ ಆ ರೋಗ ತಗಲುವ ಸಂಭವ ನಮ್ಮನಿಮ್ಮೆಲ್ಲರಿಗಿಂತ ಹೆಚ್ಚು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಅವಳು ಗೋಡೆಯ ಮೇಲೆ ದಿನವೂ ಓದುವ ನಿಯಮ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸು ಖರ್ಚಿಲ್ಲ. ಆದರೆ ತನ್ನ ಕೆಮ್ಮಿಗೆ ಅವಳು ಲಿವೋಫ್ಲಾಕ್ಸಸಿನ್ ತೆಗೆದುಕೊಂಡಳೆನ್ನೋಣ. ಈ ಜಾತಿಯ ಔಷಧಗಳು ಕ್ಷಯಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತವೆ. ಕೆಮ್ಮು ಕೆಲದಿನ ತಗ್ಗುತ್ತದೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ರೋಗ ಒಳಗೊಳಗೇ ಬೆಳೆಯುತ್ತದೆ. ಹಾಸ್ಟೆಲಿನ ಅದೇ ಕೋಣೆಯಲ್ಲಿ ಇನ್ನೂ ಮೂವರು ಮಲಗುತ್ತಾರೆ. ವಿಷಮಶೀತ ಜ್ವರದಲ್ಲಿಯೂ ಇಂಥದೇ ತೊಡಕು: ಎರಡು ದಿನ ಯಾವುದೋ ಆಂಟಿಬಯಾಟಿಕ್ ನುಂಗಿ ಬಂದವನ ರಕ್ತವನ್ನು ಕಲ್ಚರಿಗೆ ಇಟ್ಟರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ವೈದ್ಯರು ಕತ್ತಲೆಯಲ್ಲಿ ತಡಕಾಡಬೇಕಾಗುತ್ತದೆ.

ಕಾನೂನು ಇದೆಯೇ ಎಂದರೆ, ಇದೆ. 1945ರ ಔಷಧ ನಿಯಮಗಳ ಎಚ್ ಅನುಸೂಚಿಯಲ್ಲಿರುವ ಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2014ರ ಮಾರ್ಚ್ 1ರಿಂದ ಎಚ್-1 ಎಂಬ ಇನ್ನೊಂದು ಅನುಸೂಚಿ ಜಾರಿಗೆ ಬಂದು, ಕೆಲವು ಬಲವಾದ ಆಂಟಿಬಯಾಟಿಕ್ಕುಗಳು, ಕ್ಷಯದ ಔಷಧಗಳು, ಆಲ್‌ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆಗಳು ಅದರಲ್ಲಿ ಸೇರಿದುವು. ಇವನ್ನು ಮಾರುವವನು ವೈದ್ಯರ ಮತ್ತು ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಬಿಳಿಯ ಕೋಟಾಗಲಿ ಕಾಲೇಜಿನ ಗುರುತು ಚೀಟಿಯಾಗಲಿ ವೈದ್ಯರ ಚೀಟಿಗೆ ಸಮವೆಂದು ಈ ನಿಯಮಗಳಲ್ಲಿ ಎಲ್ಲಿಯೂ ಹೇಳಿಲ್ಲ.

ಹಾಗೆಂದು ತಲೆನೋವಿಗೆಲ್ಲ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕೆಂದು ನಾನು ವಾದಿಸುತ್ತಿಲ್ಲ. ಭೇದಿಯಾದಾಗ ಓ.ಆರ್.ಎಸ್. ನೀರು ಕುಡಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಜ್ವರಕ್ಕೆ ಒಂದು ಪ್ಯಾರಾಸಿಟಮಾಲ್ ನುಂಗುವುದೂ ಅಪರಾಧವಲ್ಲ. ಆದರೆ ಅಲ್ಲಿಯೂ ಲೆಕ್ಕ ತಪ್ಪಬಹುದು. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. 650 ಮಿಲಿಗ್ರಾಮಿನ ಮಾತ್ರೆಯನ್ನು ನಾಲ್ಕು ಸಲ ತೆಗೆದುಕೊಂಡರೆ 2.6 ಗ್ರಾಂ ಆಯಿತು. ಜೊತೆಗೆ ನೆಗಡಿಗೆಂದು ಬೇರೆ ಹೆಸರಿನ ಮಾತ್ರೆ ಮೂರು ಸಲ. ಅದರೊಳಗೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ 1.5 ಗ್ರಾಂ. ಕೂಡಿದರೆ 4.1. ಎರಡು ಬೇರೆ ಬೇರೆ ಮದ್ದು ತೆಗೆದುಕೊಂಡೆನೆಂದು ನುಂಗಿದವನು ತಿಳಿದಿರುತ್ತಾನೆ. ಯಕೃತ್ತಿಗೆ ಮಾತ್ರ ಅದು ಒಂದೇ. ಪರೀಕ್ಷೆಯ ದಿನಗಳಲ್ಲಿ ಊಟ ಬಿಟ್ಟು ಓದುವವರಿಗೆ ಅಪಾಯ ಇನ್ನೂ ಹೆಚ್ಚು.

ಈ ವಿದ್ಯಾರ್ಥಿಗಳನ್ನು ಬೈದು ಫಲವಿಲ್ಲವೆಂದು ನನ್ನ ಅಭಿಪ್ರಾಯ. ಅವರು ಕೊಟ್ಟ ಕಾರಣಗಳಲ್ಲಿ ಅರ್ಧಕ್ಕೆ ಮದ್ದು ಅವರ ಕಾಲೇಜುಗಳ ಕೈಯಲ್ಲಿದೆ. ಅಂಕ ಹಾಕುವ ಅಧ್ಯಾಪಕರಲ್ಲದ ಬೇರೊಬ್ಬ ವೈದ್ಯರು ಸಂಜೆ ಐದರಿಂದ ಆರರವರೆಗೆ ವಿದ್ಯಾರ್ಥಿಗಳಿಗೆಂದೇ ಕುಳಿತರೆ ತರಗತಿಯೂ ತಪ್ಪದು, ಸಂಕೋಚವೂ ಇರದು. ರಕ್ತ ಕೊಟ್ಟು ಬಂದ ಚೀಟಿ ತೋರಿಸಿದವರಿಗೆ ಆ ದಿನದ ಹಾಜರಾತಿಯನ್ನು ಬರೆದುಕೊಳ್ಳಬಹುದು. ಹಾಸ್ಟೆಲಿನಲ್ಲಿ ಉಳಿದ ಮಾತ್ರೆಗಳನ್ನು ಹಾಕಲು ಒಂದು ಡಬ್ಬಿ ಇಡಬಹುದು. ಮಂಗನ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತನಕ. ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರಗಳಿಂದ ಬರುವ ಮಕ್ಕಳು ಸುಗ್ಗಿಗೆ, ಹಬ್ಬಕ್ಕೆ ಊರಿಗೆ ಹೋಗಿ ಹಿಂದಿರುಗುವುದೂ ಅದೇ ತಿಂಗಳುಗಳಲ್ಲಿ. ಆ ಆರು ತಿಂಗಳು ಸಂಜೆಯ ಆ ಒಂದು ಗಂಟೆ ಎಂದೂ ತಪ್ಪದ ಹಾಗೆ ನೋಡಿಕೊಳ್ಳಬೇಕು.