ಬಿಡುವಿನ ತಿಂಗಳುಗಳ ಊಟ



ಹೊಲದ ಕೆಲಸ ಮುಗಿದು ಎತ್ತುಗಳು ಕೊಟ್ಟಿಗೆಯಲ್ಲಿ ನಿಂತಾಗ ಅವುಗಳ ಮೇವನ್ನು ಹೇಗೆ ಬದಲಾಯಿಸಬೇಕೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಂಟೆ ಹೊಡೆಯುವ ದಿನಗಳಲ್ಲಿ ಹತ್ತಿಕಾಳು, ಶೇಂಗಾ ಹಿಂಡಿ ನೆನೆಸಿ ಇಡುವವರು ಕೆಲಸ ನಿಂತ ವಾರದಿಂದಲೇ ಅದನ್ನು ಇಳಿಸಿ, ಜೋಳದ ಸೊಪ್ಪೆಯ ಮೇಲೆ ದಿನ ತಳ್ಳುತ್ತಾರೆ. ದುಡಿಯದ ಎತ್ತಿಗೆ ಹಿಂಡಿ ಹಾಕಿದರೆ ಹಣವೂ ದಂಡ, ಎತ್ತೂ ಜಡವಾಗಿ ಮುಂಗಾರಿನಲ್ಲಿ ನೊಗ ಹೊರಲು ಏದುತ್ತದೆ. ಇಷ್ಟೆಲ್ಲಾ ತಿಳಿದ ಮನೆಯ ಯಜಮಾನನು ತನ್ನ ತಟ್ಟೆಯ ವಿಷಯದಲ್ಲಿ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತಾನೆ. ದುಡಿಮೆ ನಿಂತ ತಿಂಗಳಲ್ಲೇ ಅವನ ಊಟ ಹೆಚ್ಚುತ್ತದೆ. ಈ ಸಲ ನಾವು ಅದನ್ನೇ ಕುರಿತು ಬರೆಯುತ್ತಿದ್ದೇವೆ.

ರಜೆ ಎಂಬುದು ನೌಕರಿಯವರಿಗೆ, ನಮಗೆಲ್ಲಿಯ ರಜೆ ಎಂದು ನೀವು ಕೇಳಬಹುದು. ಆದರೆ ಲೆಕ್ಕ ಹಾಕಿ ನೋಡಿರಿ. ಆದೋನಿ, ಆಲೂರು, ಹೊಳಗುಂದ, ಕೋಸಿಗಿ ಕಡೆಯ ಒಣ ಬೇಸಾಯದಲ್ಲಿ ಹತ್ತಿ ಬಿಡಿಸುವುದು ಸಂಕ್ರಾಂತಿಯ ಆಚೀಚೆ ಮುಗಿಯುತ್ತದೆ. ಹಿಂಗಾರಿ ಜೋಳ, ಕಡಲೆ ಫೆಬ್ರುವರಿಯ ಹೊತ್ತಿಗೆ ಮನೆ ಸೇರುತ್ತವೆ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಸಿಗುವ ಊರುಗಳನ್ನು ಬಿಟ್ಟರೆ, ಅಲ್ಲಿಂದ ಮೃಗಶಿರ ಮಳೆಯವರೆಗೆ ಹೊಲದಲ್ಲಿ ದಿನವಿಡೀ ಬೆವರು ಸುರಿಸುವ ಕೆಲಸವಿಲ್ಲ. ಏಪ್ರಿಲ್ ಕೊನೆಗೆ ಶಾಲೆಗಳು ಮುಚ್ಚುತ್ತವೆ, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತೀರಿ. ತಪಸ್ಸುಕಾಲದಲ್ಲಿ ನಾವು ಮದುವೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ನಮ್ಮ ಕುಟುಂಬಗಳ ಮದುವೆಗಳೆಲ್ಲ ಈಸ್ಟರ್ ಹಬ್ಬದ ನಂತರದ ಕೆಲವೇ ವಾರಗಳಿಗೆ ಬಂದು ಗುಂಪಾಗುತ್ತವೆ. ನಲವತ್ತು ದಿನ ಒಂದೊತ್ತು ಇದ್ದು ಇಳಿಸಿದ ತೂಕವನ್ನು ನಾಲ್ಕು ಮದುವೆ ಊಟಗಳಲ್ಲಿ ಬಡ್ಡಿ ಸಮೇತ ತಂದುಕೊಂಡವರನ್ನು ನಾವು ಪ್ರತಿ ವರ್ಷ ಕಾಣುತ್ತೇವೆ.

ದುಡಿಯುವ ಮೈಗೂ ಕುಳಿತ ಮೈಗೂ ಎಷ್ಟು ವ್ಯತ್ಯಾಸ? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 65 ಕಿಲೋ ತೂಕದ ಗಂಡಸು ಭಾರೀ ಶ್ರಮದ ಕೆಲಸ ಮಾಡಿದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಮಧ್ಯಮ ಕೆಲಸಕ್ಕೆ 2710 ಸಾಕು. ಕುಳಿತು ಕಾಲ ಕಳೆಯುವವನಿಗೆ 2110 ಮಾತ್ರ. 55 ಕಿಲೋ ತೂಕದ ಹೆಣ್ಣುಮಗಳಿಗೆ ಇದೇ ಕ್ರಮದಲ್ಲಿ 2720, 2130 ಮತ್ತು 1660. ಅಂದರೆ ಮಧ್ಯಮ ಕೆಲಸದಲ್ಲಿದ್ದ ಗಂಡಸು ಕಟ್ಟೆಯ ಮೇಲೆ ಕುಳಿತ ದಿನದಿಂದ 600 ಕ್ಯಾಲೊರಿ ಬೇಡವಾಗುತ್ತದೆ. ನಮ್ಮ ಮನೆಗಳ ಅಳತೆಯಲ್ಲಿ ಹೇಳುವುದಾದರೆ ಸುಮಾರು ಎರಡೂವರೆ ಜೋಳದ ರೊಟ್ಟಿ. ಹೊಟ್ಟೆಗೆ ಈ ಲೆಕ್ಕ ತಿಳಿಯುವುದಿಲ್ಲ. ಅದು ಸುಗ್ಗಿಯ ರೂಢಿಯಲ್ಲೇ ಹಸಿವನ್ನು ಕೇಳುತ್ತದೆ, ನಾವೂ ಕೊಡುತ್ತೇವೆ.

"ಬೇಸಿಗೆಯಲ್ಲಿ ಬಂದದ್ದು ಮಳೆಗಾಲದಲ್ಲಿ ಹೋಗುತ್ತದೆ ಬಿಡಿ ಫಾದರ್" ಎನ್ನುವವರಿದ್ದಾರೆ. ಹಿಂದೆ ಅದು ನಿಜವಾಗಿತ್ತು. ಮುಂಗಾರಿನಲ್ಲಿ ಎತ್ತಿನ ಹಿಂದೆ ಮೈಲಿಗಟ್ಟಲೆ ನಡೆಯುವುದು, ಬಗ್ಗಿ ಕಳೆ ತೆಗೆಯುವುದು, ಹೊರೆ ಹೊರುವುದು, ಇವು ಬೇಸಿಗೆಯ ಕೊಬ್ಬನ್ನು ಕರಗಿಸುತ್ತಿದ್ದವು. ಈಗ ಉಳುವುದು ಟ್ರ್ಯಾಕ್ಟರು, ಕೊಯ್ಯುವುದು ಮಿಷನ್ನು, ಕಳೆಗೆ ಔಷಧಿ, ಹೊಲಕ್ಕೆ ಹೋಗಲು ಬೈಕು. ಬಂದ ತೂಕ ತಾನಾಗಿ ಹೋಗುವ ದಾರಿ ಮುಚ್ಚಿದೆ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದರಿಂದ ಮೂರು ವಾರ ರಜೆಗೆ ಹೋಗಿಬಂದ 122 ಜನರನ್ನು ತೂಗಿದರು. ಸರಾಸರಿ ಸುಮಾರು 300 ಗ್ರಾಂ ಏರಿತ್ತು. ಇಷ್ಟೇನಾ ಎಂದು ನಗಬೇಡಿರಿ. ಮನೆಗೆ ಮರಳಿ ಆರು ವಾರ ಕಳೆದರೂ ಅದು ಇಳಿದಿರಲಿಲ್ಲ. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಕ್ರಿಸ್ಮಸ್ ದಿನಗಳಲ್ಲಿ ಏರಿದ ಅಲ್ಪ ತೂಕ ಮುಂದಿನ ವರ್ಷವಿಡೀ ಹಾಗೇ ಉಳಿಯುತ್ತದೆಂದು ತೋರಿಸಿತು. ವರ್ಷಕ್ಕೆ ಅರ್ಧ ಕಿಲೋ ಎಂದರೆ ಇಪ್ಪತ್ತೈದರಲ್ಲಿ ಮದುವೆಯಾದವನು ನಲವತ್ತೈದಕ್ಕೆ ಹತ್ತು ಕಿಲೋ ಹೊತ್ತಿರುತ್ತಾನೆ. ಯಾವ ವರ್ಷ ಬಂತೆಂದು ಅವನಿಗೇ ತಿಳಿದಿರುವುದಿಲ್ಲ.

ನಾವು ತೆಳ್ಳಗಿದ್ದೇವೆ, ನಮಗೆ ಭಯವಿಲ್ಲ ಎಂಬ ಮಾತನ್ನೂ ನಂಬಬೇಡಿರಿ. 2004ರಲ್ಲಿ ಪುಣೆಯ ವೈದ್ಯ ಡಾ. ಯಾಜ್ಞಿಕ್ ಮತ್ತು ಅವರ ಇಂಗ್ಲಿಷ್ ಮಿತ್ರ ಡಾ. ಯುಡ್ಕಿನ್ ತಮ್ಮ ಮೈಗಳನ್ನೇ ಅಳೆದು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಭಾವಚಿತ್ರ ಸಮೇತ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ಒಂದೇ, 22.3. ಆದರೆ ಇಂಗ್ಲಿಷರವರ ಮೈಯಲ್ಲಿ ಕೊಬ್ಬು ನೂರಕ್ಕೆ 9, ನಮ್ಮವರ ಮೈಯಲ್ಲಿ ನೂರಕ್ಕೆ 21. ನಮ್ಮ ಕೈಕಾಲು ಕಡ್ಡಿಯಂತಿದ್ದರೂ ಕೊಬ್ಬು ಹೊಟ್ಟೆಯೊಳಗೆ ಕೂಡುತ್ತದೆ. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಅದೇ. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆಯೆಂದೂ, ಇನ್ನೂ 13 ಕೋಟಿಗೂ ಹೆಚ್ಚು ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ತಿಳಿಸಿದೆ. ಹಳ್ಳಿಗಳಲ್ಲೂ ನೂರಕ್ಕೆ ಸುಮಾರು 9 ಜನರಿಗಿದೆ. ಬರಿಗಾಲಲ್ಲಿ ಹತ್ತಿ ಕಟ್ಟಿಗೆಯ ನಡುವೆ ಓಡಾಡುವ ರೈತನಿಗೆ ಈ ಕಾಯಿಲೆ ಬಂದರೆ ಕಾಲಿನ ಗಾಯ ಮಾಯದೆ ಬೆರಳು ಕಳೆದುಕೊಳ್ಳುವವರೆಗೆ ಹೋಗುತ್ತದೆ. ಕಾಲು ಹೋದ ಮನೆಯಲ್ಲಿ ಹೊಲ ಗುತ್ತಿಗೆಗೆ ಹೋಗುತ್ತದೆ.

ತೂಕದ ಯಂತ್ರ ಎಲ್ಲರ ಮನೆಯಲ್ಲಿಲ್ಲ. ಹತ್ತಿಯ ನೂಲು ಇದ್ದೇ ಇದೆ. ನೂಲಿನಿಂದ ನಿಮ್ಮ ಎತ್ತರ ಅಳೆದು ಕತ್ತರಿಸಿರಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ, ಉಸಿರು ಬಿಟ್ಟು, ಹೊಕ್ಕುಳಿನಿಂದ ಸ್ವಲ್ಪ ಮೇಲೆ ಹೊಟ್ಟೆಯ ಸುತ್ತ ತನ್ನಿರಿ. ತುದಿಗಳು ಕೂಡದಿದ್ದರೆ ಕೊಬ್ಬು ಹೆಚ್ಚಾಗಿದೆ ಎಂದರ್ಥ. ವೈದ್ಯರು ಇದನ್ನೇ ಸೆಂಟಿಮೀಟರಿನಲ್ಲಿ ಹೇಳುತ್ತಾರೆ: ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80ರೊಳಗೆ ಇರಬೇಕು. ಬಸುರಿಯರಿಗೆ ಈ ಅಳತೆ ಸಲ್ಲದು. ಊರಿಗೆ ಹೊರಡುವ ಹಿಂದಿನ ದಿನ ಒಮ್ಮೆ, ಬಂದ ಮರುದಿನ ಒಮ್ಮೆ ಅಳೆಯಿರಿ. ಉಬ್ಬಿದ ಹೊಟ್ಟೆ ಹೊಸದಾಗಿರುವಾಗಲೇ ಇಳಿಸುವುದು ಸುಲಭ.

ಇನ್ನು ಊಟಕ್ಕೆ ಬರೋಣ. ಜೋಳ ತಿಂದರೆ ತೂಕ ಬಾರದು, ಅನ್ನ ತಿಂದರೆ ಬರುತ್ತದೆ ಎಂಬ ಮಾತು ಅರ್ಧ ಸತ್ಯ. ನೂರು ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ನೂರು ಗ್ರಾಂ ಅಕ್ಕಿಯಲ್ಲಿ 356. ಹೆಚ್ಚು ಅಂತರವಿಲ್ಲ. ಅಂತರ ಇರುವುದು ನಾರಿನಲ್ಲಿ: ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ರೊಟ್ಟಿಯನ್ನು ಅಗಿಯಬೇಕು, ಪುಂಡಿಪಲ್ಯ ಬೇಕು, ಕಾಳು ಬೇಕು. ಎರಡು ರೊಟ್ಟಿಗೆ ಹೊಟ್ಟೆ ಸಾಕೆನ್ನುತ್ತದೆ. ಅನ್ನ ಹಾಗಲ್ಲ, ಸಾರಿನೊಡನೆ ಸಲೀಸಾಗಿ ಇಳಿಯುತ್ತದೆ, ಎಷ್ಟು ಉಂಡೆವೆಂದು ತಿಳಿಯುವುದಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ಕೊಡತೊಡಗಿದಾಗ ಬಡವರ ಹಸಿವು ನೀಗಿತು, ಅದನ್ನು ಮರೆಯಲಾಗದು. ಆದರೆ ಜೋಳ, ನವಣೆಗಳು ತಟ್ಟೆಯಿಂದ ಬದಿಗೆ ಸರಿಯುತ್ತಾ ಬಂದವು. ಈಗ ಆಲೂರಿನ ಅಳಿಯ ಸಿರುಗುಪ್ಪದ ಗದ್ದೆ ಸೀಮೆಯ ಮಾವನ ಮನೆಗೆ ಹೋದರೆ ಮೂರು ಹೊತ್ತೂ ಅನ್ನವೇ. ಅಳಿಯನಿಗೆ ರೊಟ್ಟಿ ಬಡಿಸುವುದು ಅಗೌರವವೆಂದು ಅತ್ತೆ ತಿಳಿದಿದ್ದಾರೆ. ಅಳಿಯನೇ ಬಾಯಿಬಿಟ್ಟು "ಅತ್ತೀ, ರಾತ್ರಿಗೆ ಎರಡು ರೊಟ್ಟಿ ಮಾಡ್ರಿ" ಎಂದು ಕೇಳಿದರೆ ಅವರಿಗೂ ಹಗುರ.

ಬೀಗರ ಊರಿನಲ್ಲಿ ಊಟಕ್ಕಿಂತ ಹೆಚ್ಚು ಕೆಡಿಸುವುದು ಚಹಾ. ಸಂಜೆಯೊಳಗೆ ಎಂಟು ಮನೆ ಮಾತಾಡಿಸಿದರೆ ಎಂಟು ಲೋಟ. ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 10 ಗ್ರಾಂ, ಎಂಟಕ್ಕೆ 80 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. ಮಕ್ಕಳ ಕೈಗೆ ಕೊಡುವ ಸಣ್ಣ ಕೂಲ್‌ಡ್ರಿಂಕ್ ಬಾಟಲಿ ಒಂದರಲ್ಲೇ ಅಷ್ಟು ಸಕ್ಕರೆ ಇರುತ್ತದೆ. ಚಹಾ ಬೇಡವೆಂದರೆ ಮನೆಯವರಿಗೆ ನೋವು, ಮಜ್ಜಿಗೆ ಕೇಳಿದರೆ ಯಾರಿಗೂ ನೋವಿಲ್ಲ. ಬೇಸಿಗೆಯಲ್ಲಂತೂ ಕೇಳುವುದೇ ಸಹಜ.

ಬೆಳಗಿನ ಒಗ್ಗರಣೆ ಮಂಡಕ್ಕಿ ನಮ್ಮ ಸೀಮೆಯ ಹೆಮ್ಮೆ, ಅದನ್ನು ಬಿಡಿರೆಂದು ನಾವು ಹೇಳಲಾರೆವು. ಮಂಡಕ್ಕಿ ಹಗುರವೇ. ಭಾರವಾಗಿಸುವುದು ಅದರೊಡನೆ ಬರುವ ನಾಲ್ಕು ಮಿರ್ಚಿ ಬಜ್ಜಿ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ, ಅದನ್ನು ಕರಗಿಸಲು ಅರ್ಧ ಗಂಟೆ ನಡೆಯಬೇಕು. ಒಂದು ಬಜ್ಜಿ ಸಾಕು. ತಾಯಂದಿರು ಮನೆಗೆ ತರುವ ಎಣ್ಣೆಯನ್ನು ಲೆಕ್ಕವಿಡಲಿ: ನಾಲ್ಕು ದೊಡ್ಡವರ ಮನೆಗೆ ತಿಂಗಳಿಗೆ ಮೂರರಿಂದ ಮೂರೂವರೆ ಲೀಟರ್ ಮೀರಬಾರದು. ನಂಟರು ಬಂದ ತಿಂಗಳಲ್ಲಿ ಇದು ಎರಡರಷ್ಟಾಗುವುದು ಏಕೆಂದು ಅವರೇ ಬಲ್ಲರು.

ಮದುವೆ ಮನೆಯಲ್ಲಿ "ಇನ್ನೊಂದು ಹೋಳಿಗೆ" ಎಂದು ಬಂದವರಿಗೆ ಬೇಡ ಎನ್ನುವುದು ಕಷ್ಟ. "ನಮ್ಮನೆ ಊಟ ಸೇರಲಿಲ್ಲೇನಣ್ಣಾ" ಎಂಬ ಒಂದು ಮಾತಿಗೆ ನಾವು ಸೋತುಬಿಡುತ್ತೇವೆ. ಮೊದಲ ಸಲ ಬಡಿಸುವಾಗಲೇ ಅರ್ಧ ಹಾಕಿಸಿಕೊಂಡರೆ ಎರಡನೆಯ ಸಲ ಹಾಕಿಸಿಕೊಳ್ಳುವ ಗೌರವವೂ ಉಳಿಯುತ್ತದೆ, ಅಳತೆಯೂ ಮೀರುವುದಿಲ್ಲ. ಹೊಟ್ಟೆ ಹಸಿದುಕೊಂಡು ಮದುವೆಗೆ ಹೋಗುವುದು ಕೆಟ್ಟ ಲೆಕ್ಕ. ಮಧ್ಯಾಹ್ನ ಮೂರಕ್ಕೆ ಪಂಕ್ತಿ ಕುಳಿತಾಗ ಎರಡು ಊಟ ಒಂದೇ ಸಲ ಹೋಗುತ್ತದೆ. ಹೊರಡುವ ಮುನ್ನ ಮನೆಯಲ್ಲಿ ಒಂದು ಲೋಟ ಅಂಬಲಿ ಕುಡಿದು ಹೋಗಿರಿ.

ಊಟದ ಮನೆಯ ಹಿಂಬದಿಯಲ್ಲಿ ನಡೆಯುವುದನ್ನೂ ಹೇಳಬೇಕಾಗಿದೆ. ಒಂದು ಕ್ವಾರ್ಟರ್ ಬಾಟಲಿಯ ಮದ್ಯದಲ್ಲಿ 400 ಕ್ಯಾಲೊರಿಗೂ ಹೆಚ್ಚು ಇರುತ್ತದೆ, ನಂಜಿಕೊಳ್ಳುವ ಚಿಕನ್ ಪಕೋಡ ಬೇರೆ. ಮೇಲೆ ಹೇಳಿದ 2016ರ ಅಧ್ಯಯನದಲ್ಲೂ ರಜೆಯ ತೂಕಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಕುಡಿತವೇ ಆಗಿತ್ತು. ಇದರಲ್ಲಿ ಅಳತೆ ಹೇಳುವ ಮನಸ್ಸು ನಮಗಿಲ್ಲ. ಬೇಡ.

ತಾಯಂದಿರ ತೂಕ ಏರುವ ಬಗೆ ಬೇರೆ. ನಂಟರಿಗೆಲ್ಲ ಬಡಿಸಿ, ಮಧ್ಯಾಹ್ನ ನಾಲ್ಕಕ್ಕೆ ಕುಳಿತು, ಮಕ್ಕಳು ಬಿಟ್ಟದ್ದನ್ನೂ ಪಾತ್ರೆಯಲ್ಲಿ ಉಳಿದದ್ದನ್ನೂ ಕೆಡಬಾರದೆಂದು ತಾವೇ ಉಣ್ಣುತ್ತಾರೆ. ಅನ್ನ ದೇವರ ಪ್ರಸಾದವೆಂಬ ಗೌರವ ಸರಿಯೇ. ಆದರೆ ಅದನ್ನು ಒಲೆ ಹಚ್ಚುವ ಮೊದಲೇ ತೋರಿಸಬೇಕು: ಅಕ್ಕಿಯನ್ನು ಅಂದಾಜಿನಲ್ಲಿ ಸುರಿಯದೆ ಪಾವಿನಲ್ಲಿ ಅಳೆದು ಹಾಕಿರಿ, ಎಲ್ಲರೊಡನೆ ಕುಳಿತು ಉಣ್ಣಿರಿ. ಗಂಡಸರು ಎದ್ದು ಒಂದು ಹೊತ್ತು ಬಡಿಸಿದರೆ ಅವರಿಗೂ ಅಷ್ಟು ವ್ಯಾಯಾಮ.

ವ್ಯಾಯಾಮವೆಂದು ಪಟ್ಟಣದವರಂತೆ ಓಡಬೇಕಾಗಿಲ್ಲ. ಬೇಸಿಗೆಯಲ್ಲಿ ಮಾಡುವ ಕೆಲಸಗಳೇ ಇವೆ. ತಿಪ್ಪೆಗೊಬ್ಬರ ಹೇರಿ ಹರಡುವುದು, ಬದು ಸರಿಪಡಿಸುವುದು, ಹತ್ತಿ ಕಟ್ಟಿಗೆ ಕಿತ್ತು ಹೊಲ ಹಸನು ಮಾಡುವುದು. ಬೆಳಗಿನ ಒಂಬತ್ತರೊಳಗೆ ಎರಡು ತಾಸು ಸ್ವಂತ ಕೈಯಿಂದ ಮಾಡಿದರೆ ಕೂಲಿ ಉಳಿಯುತ್ತದೆ, ರೊಟ್ಟಿಯೂ ಅರಗುತ್ತದೆ. ಊಟವಾದ ಮೇಲೆ ಕಾಲು ಗಂಟೆ ಅಡ್ಡಾಡುವುದರಿಂದ ರಕ್ತದಲ್ಲಿ ಸಕ್ಕರೆ ಏರುವುದು ತಗ್ಗುತ್ತದೆ. ರಾತ್ರಿ ಊಟ ಮುಗಿಸಿ ನೇರ ಮಾಳಿಗೆ ಹತ್ತಿ ಮಲಗುವ ರೂಢಿಯನ್ನು ಸ್ವಲ್ಪ ತಡಮಾಡಿರಿ.

ಫೆಬ್ರುವರಿಯಲ್ಲಿ ವಿಜಯವಾಡದ ಗುಣದಲ ಮಾತೆಯ ಉತ್ಸವಕ್ಕೆ, ಸೆಪ್ಟೆಂಬರಿನಲ್ಲಿ ವೇಳಾಂಕಣ್ಣಿಗೆ ಹೋಗುವವರು ರೈಲಿನಲ್ಲಿ ಸಿಕ್ಕಿದ್ದೆಲ್ಲ ಕೊಳ್ಳದೆ ಕಟಕು ರೊಟ್ಟಿ, ಗುರೆಳ್ಳು ಪುಡಿ, ಹುರಿಗಡಲೆ ಕಟ್ಟಿಕೊಂಡು ಹೋದರೆ ಎರಡು ದಿನ ನಿಶ್ಚಿಂತೆ. ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಹರಕೆಯೆಂದು ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಸಕ್ಕರೆ ಇಳಿದು ದಾರಿಯಲ್ಲೇ ಕುಸಿಯುವ ಅಪಾಯವಿದೆ, ಮೊದಲು ವೈದ್ಯರನ್ನು ಕೇಳಿರಿ. ಬಿಸಿಲಿನಲ್ಲಿ ಬರಿಗಾಲಲ್ಲಿ ನಡೆಯಬೇಡಿರಿ, ಸುಟ್ಟದ್ದೂ ಅವರಿಗೆ ತಿಳಿಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಫ್ರಿಜ್ ಇಲ್ಲದ ಊರಿನಲ್ಲಿ ಅದನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯೊಳಗೆ ನೆರಳಿನಲ್ಲಿಡಲಿ.

ಈ ಬರಹವೆಲ್ಲ ನೂಲಿನ ತುದಿ ಕೂಡದವರಿಗೆ. ಕೋಸಿಗಿ, ಮಂತ್ರಾಲಯದ ಕಡೆಯಿಂದ ಗುಂಟೂರಿನ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗಿ ಬೇಸಿಗೆಯಲ್ಲಿ ಮರಳುವ ಕುಟುಂಬಗಳು ಒಂದು ರೊಟ್ಟಿಯನ್ನೂ ಕಡಿಮೆ ಮಾಡಬಾರದು. ಟೆಂಟಿನಲ್ಲಿ ತಿಂಗಳುಗಟ್ಟಲೆ ಖಾರ ಅನ್ನ ಉಂಡು ಬಂದ ಮೈಗೆ ಈ ಬಿಡುವಿನಲ್ಲೇ ಬೇಳೆ, ಮೊಟ್ಟೆ, ಶೇಂಗಾ, ಹಾಲು ಬೇಕು, ಮಕ್ಕಳಿಗೆ ಮೊದಲು. ಆದರೆ ಚೆನ್ನಾಗಿ ಉಂಡೂ ತೂಕ ಇಳಿಯುತ್ತಿದ್ದರೆ ಅದು ಬೇರೆ ಮಾತು. ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆಯ ಪರೀಕ್ಷೆ ಮಾಡಿಸಿರಿ. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ ಇದ್ದರೆ ಕಫದ ಪರೀಕ್ಷೆ ಮಾಡಿಸಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೂ, ಕ್ಷಯವೆಂದು ತಿಳಿದರೆ ಅದರ ಔಷಧಿಗೂ ಹಣ ಕೊಡಬೇಕಾಗಿಲ್ಲ.