ಜನಗಣತಿ: ಬಿಟ್ಟುಹೋಗುವ ಮನೆಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ದೇಶದಲ್ಲಿ ಕಳೆದ ಜನಗಣತಿ ನಡೆದದ್ದು 2011ರಲ್ಲಿ. ಆಗ ಕರ್ನಾಟಕದ ಜನಸಂಖ್ಯೆ 6,10,95,297 ಎಂದು ದಾಖಲಾಯಿತು. 2021ರ ಗಣತಿಯು ಕೋವಿಡ್ ಸಾಂಕ್ರಾಮಿಕದ ಕಾರಣ ಮುಂದೂಡಲ್ಪಟ್ಟಿತು. ಕೇಂದ್ರ ಸರ್ಕಾರದ 2025ರ ಜೂನ್ 16ರ ಅಧಿಸೂಚನೆಯಂತೆ, ಹಿಮಾವೃತ ಪ್ರದೇಶಗಳನ್ನು ಹೊರತುಪಡಿಸಿ, ಮುಂದಿನ ಗಣತಿಯ ಉಲ್ಲೇಖ ಸಮಯ 2027ರ ಮಾರ್ಚ್ 1ರ 00:00 ಗಂಟೆ. ಮೊದಲ ಹಂತ ಮನೆಪಟ್ಟಿ; ಎರಡನೆಯದು ವ್ಯಕ್ತಿಗಳ ಎಣಿಕೆ. 2011ರ ಗಣತಿಯ ನಂತರ ಹುಟ್ಟಿದ ಯಾವ ಮಗುವೂ ಈವರೆಗೆ ಜನಗಣತಿಯ ಲೆಕ್ಕಕ್ಕೆ ಸೇರಿಲ್ಲ ಎಂಬುದನ್ನು ಗಮನಿಸಿದರೆ ಈ ಕಾರ್ಯದ ಮಹತ್ವ ತಿಳಿಯುತ್ತದೆ.

1. ಸಂಖ್ಯೆಯ ಮೇಲೆ ನಿಂತಿರುವುದೇನು?

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಪ್ರತಿ 400 ಜನಸಂಖ್ಯೆಗೆ ಅಥವಾ ಅದರ ಭಾಗಕ್ಕೆ ಒಬ್ಬ ಸದಸ್ಯರು. ಜನಸಂಖ್ಯೆ 6,000 ಇದ್ದರೆ 15 ಸ್ಥಾನ. 6,010 ಇದ್ದರೆ 16. ಹತ್ತು ಜನರ ಒಂದು ಕೇರಿ ಎಣಿಕೆಯಿಂದ ತಪ್ಪಿದರೂ ಒಂದು ಸ್ಥಾನ ಕೈಬಿಡಬಹುದು. ಸಂವಿಧಾನದ 243ಡಿ ಅನುಚ್ಛೇದದಂತೆ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೀಸಲು ಸ್ಥಾನಗಳೂ ಜನಸಂಖ್ಯೆಯ ಪ್ರಮಾಣವನ್ನೇ ಅವಲಂಬಿಸಿವೆ. ಹದಿನೈದನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇ. 90ರಷ್ಟು ತೂಕ ನೀಡಿತ್ತು.

2. ಯಾರು ಬಿಟ್ಟುಹೋಗುತ್ತಾರೆ?

ಗಣತಿಯನ್ನು ನಿರಾಕರಿಸುವವರಿಗಿಂತ ಯಾರ ನೆನಪಿಗೂ ಬಾರದವರೇ ಹೆಚ್ಚಾಗಿ ಬಿಟ್ಟುಹೋಗುವ ಸಂಭವವಿದೆ: ತೋಟದ ಮನೆಗಳು, ತಾಂಡಾ, ಹಾಡಿ, ಇಟ್ಟಿಗೆ ಗೂಡಿನ ಗುಡಿಸಲುಗಳು, ಅಲೆಮಾರಿ ಬಿಡಾರಗಳು, ಒಂಟಿ ವೃದ್ಧರು, ಹಸುಗೂಸುಗಳು, ಮನೆಯವರು ಹೇಳಲು ಹಿಂಜರಿಯುವ ವಿಕಲಚೇತನರು. ಫೆಬ್ರವರಿಯು ಕಬ್ಬಿನ ಕಟಾವು ಮತ್ತು ಕಾಫಿ ಕೊಯ್ಲಿನ ಕಾಲ. 2011ರ ನಿಯಮದಂತೆ ಎಣಿಕೆಯ ಅವಧಿ ಪೂರ್ತಿ ಊರಿನಲ್ಲಿಲ್ಲದವರನ್ನು ಅವರು ಇರುವ ಸ್ಥಳದಲ್ಲಿಯೇ ಎಣಿಸಲಾಗುತ್ತಿತ್ತು. ಆದ್ದರಿಂದ "ಅವರು ನಮ್ಮೂರಿನವರಲ್ಲ" ಎಂದು ಕಾರ್ಮಿಕರ ಬಿಡಾರವನ್ನು ಬಿಡುವುದು ಸಲ್ಲದು. ಅಲ್ಲಿ ತಪ್ಪಿದವರು ಎಲ್ಲಿಯೂ ಸಿಗದೆ ಹೋಗಬಹುದು.

3. ಜನರ ಸಂದೇಹಗಳಿಗೆ ಸರಿಯಾದ ಉತ್ತರ

"ಈಗಾಗಲೇ ವಿವರ ಕೊಟ್ಟಿದ್ದೇವೆ": 2025ರಲ್ಲಿ ನಡೆದದ್ದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ. ಅದರಲ್ಲಿ ಭಾಗವಹಿಸುವುದು ಐಚ್ಛಿಕವಾಗಿತ್ತು. ಜನಗಣತಿ ಬೇರೆ, ಜನಗಣತಿ ಅಧಿನಿಯಮ, 1948ರ 8ನೇ ಪ್ರಕರಣದಂತೆ ತಿಳಿದಮಟ್ಟಿಗೆ ಉತ್ತರಿಸುವುದು ಕಾನೂನಿನ ಬಾಧ್ಯತೆ.

"ವಿವರ ಹೊರಗೆ ಹೋದರೆ?": 15ನೇ ಪ್ರಕರಣದಂತೆ ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಸಿವಿಲ್ ವ್ಯಾಜ್ಯದಲ್ಲಿ ಅವು ಸಾಕ್ಷ್ಯವಾಗುವುದಿಲ್ಲ.

"ಗಂಡನ ಹೆಸರು ಹೇಳುವಂತಿಲ್ಲ": ಈ ಸಂಕೋಚವನ್ನೂ ಕಾನೂನು ಗೌರವಿಸಿದೆ. ಸಂಪ್ರದಾಯದಂತೆ ಹೇಳಬಾರದ ಹೆಸರನ್ನು ಹೇಳುವಂತೆ ಯಾವ ಮಹಿಳೆಯನ್ನೂ ಒತ್ತಾಯಿಸುವಂತಿಲ್ಲ.

4. ಸದಸ್ಯರು ಮಾಡಬೇಕಾದುದು

ಅ) ಗಣತಿಗೆ ಮುನ್ನ ವಾರ್ಡ್ ಸಭೆ ನಡೆಸಿ, ಅಂಗನವಾಡಿ ಹಾಗೂ ಆಶಾ ಕಾರ್ಯಕರ್ತೆಯರ ನೆರವಿನಿಂದ ದೂರದ ಮತ್ತು ಹೊಸ ವಸತಿಗಳ ಪಟ್ಟಿ ಸಿದ್ಧಪಡಿಸುವುದು, ಅದನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮೂಲಕ ಗಣತಿ ಅಧಿಕಾರಿಗಳಿಗೆ ತಲುಪಿಸುವುದು.

ಆ) ಡಂಗುರ, ಹಾಲಿನ ಡೇರಿ, ಸಂತೆ, ಸ್ವಸಹಾಯ ಸಂಘಗಳ ಮೂಲಕ ದಿನಾಂಕಗಳನ್ನು ಸಾರುವುದು. ಕೂಲಿಗೆ ಹೋಗುವವರ ಮನೆಗಳಿಗೆ ಸಂಜೆಯ ವೇಳೆ ಗಣತಿದಾರರು ಬರುವಂತೆ ಕೋರುವುದು.

ಇ) ಅನ್ಯಭಾಷಿಕ ಕಾರ್ಮಿಕರಿರುವಲ್ಲಿ ಅವರ ಭಾಷೆ ಬಲ್ಲವರನ್ನು ಮೊದಲೇ ಗೊತ್ತುಪಡಿಸುವುದು.

5. ಮಾಡಬಾರದುದು

ಯಾರ ಪರವಾಗಿಯೂ ಉತ್ತರ ಹೇಳಬಾರದು. ಧರ್ಮ, ಜಾತಿ, ಭಾಷೆಯ ವಿಷಯದಲ್ಲಿ ಹೀಗೆಯೇ ಬರೆಸಿರೆಂದು ಸೂಚಿಸಬಾರದು. ದಾಖಲಾದ ವಿವರಗಳನ್ನು ತೋರಿಸುವಂತೆ ಗಣತಿದಾರರನ್ನು ಕೇಳಬಾರದು. ಸೌಲಭ್ಯ ನಿಂತುಹೋಗುತ್ತದೆಂಬ ಬೆದರಿಕೆಯನ್ನಾಗಲಿ, ಹೊಸ ಸೌಲಭ್ಯ ದೊರೆಯುತ್ತದೆಂಬ ಭರವಸೆಯನ್ನಾಗಲಿ ನೀಡಬಾರದು. ಎರಡೂ ಸುಳ್ಳು ಉತ್ತರಗಳಿಗೆ ದಾರಿ ಮಾಡುತ್ತವೆ.

ಸಭೆಯಲ್ಲಿ ಚರ್ಚೆಗೆ

1. ಪಂಚಾಯಿತಿ ವ್ಯಾಪ್ತಿಯಲ್ಲಿ 2011ರ ನಂತರ ಎದ್ದ ವಸತಿಗಳು ಎಷ್ಟು? ಅವುಗಳಿಗೆ ಹೋಗುವ ದಾರಿ ಯಾರಿಗೆ ಗೊತ್ತು?
2. ಫೆಬ್ರವರಿಯಲ್ಲಿ ಊರಿಗೆ ಬರುವವರು ಯಾರು, ಊರು ಬಿಡುವವರು ಯಾರು?
3. ಪ್ರತಿ ವಾರ್ಡಿನಲ್ಲಿ ಒಂಟಿಯಾಗಿರುವ ವೃದ್ಧರ ಮನೆಗೆ ಗಣತಿದಾರರ ಜೊತೆ ಹೋಗುವವರು ಯಾರು?