ಹರ್ಷೋನ್ಮಾದ: ಅದನ್ನು ಗುರುತಿಸುವ ಬಗೆ

ರೋಗಿಯು ತನ್ನ ಬಾಧೆಯನ್ನು ತಾನೇ ಹೇಳಿಕೊಂಡು ವೈದ್ಯರ ಬಳಿಗೆ ಬರುವುದು ಲೋಕರೂಢಿ. ಜ್ವರ ಬಂದವನು ಮೈ ಬಿಸಿಯೆನ್ನುತ್ತಾನೆ. ಹೊಟ್ಟೆನೋವಿನವನು ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಆದರೆ ‘ನನ್ನ ಜನ್ಮದಲ್ಲೇ ನಾನು ಇಷ್ಟು ಆರೋಗ್ಯವಾಗಿ ಇರಲಿಲ್ಲ’ವೆಂದು ರೋಗಿಯೇ ಸಾರುವ ವ್ಯಾಧಿಯೊಂದುಂಟು. ಅದೇ ಹರ್ಷೋನ್ಮಾದ, ವೈದ್ಯರ ಮಾತಿನಲ್ಲಿ ಮೇನಿಯಾ. ಈ ವೈಚಿತ್ರ್ಯದಿಂದಾಗಿ, ರೋಗವನ್ನು ಗುರುತಿಸುವ ಹೊಣೆ ರೋಗಿಯಿಂದ ಮನೆಯವರಿಗೂ ಸ್ನೇಹಿತರಿಗೂ ವರ್ಗವಾಗುತ್ತದೆ. ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಇದು ತಲೆದೋರುವುದರಿಂದ, ನಮ್ಮ ತರುಣ ವಾಚಕರು ಇದನ್ನು ಮೊದಲು ಕಾಣುವುದು ತಮ್ಮ ಸಹಪಾಠಿಯಲ್ಲಿ ಅಥವಾ ಒಡಹುಟ್ಟಿದವರಲ್ಲಿ ಆಗಿರಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಿಂದ ಕುಷ್ಟಗಿಯ ಕಾಲೇಜಿಗೆ ಬಸ್ಸಿನಲ್ಲಿ ಬಂದುಹೋಗುವ ತರುಣನೊಬ್ಬನಿದ್ದಾನೆ, ಸ್ವಭಾವತಃ ಮಿತಭಾಷಿ. ಪರೀಕ್ಷೆಗೆಂದು ಕೆಲವು ರಾತ್ರಿ ನಿದ್ದೆಗೆಟ್ಟು ಓದಿದನು. ಪರೀಕ್ಷೆ ಮುಗಿದರೂ ನಿದ್ದೆ ಮರಳಲಿಲ್ಲ. ಎರಡು ತಾಸು ಮಲಗಿ ಎದ್ದರೂ ದಣಿವೆಂಬುದಿಲ್ಲ. ಮಾತು ಹೊಳೆಯಂತೆ ಹರಿಯತೊಡಗಿತು. ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ನೆಗೆತ. ಮನೆಯ ಎರೆಹೊಲವನ್ನು ಮಾರಿ ಗಂಗಾವತಿಯಲ್ಲಿ ಅಕ್ಕಿಗಿರಣಿ ತೆರೆಯುವೆನೆಂದು ಸಿಕ್ಕವರಿಗೆಲ್ಲ ಹೇಳಿದನು. ಬಡ್ಡಿಗೆ ಸಾಲ ತಂದು ಗೆಳೆಯರಿಗೆ ಹಂಚಿದನು. ತಡೆಯಬಂದ ತಂದೆಯ ಮೇಲೆ ಸಿಡಿದೆದ್ದನು. ಊರಿನವರಲ್ಲಿ ಕೆಲವರು ‘ಹುಡುಗ ಶಾಣ್ಯಾ ಆಗ್ಯಾನ’ ಎಂದರು, ಕೆಲವರು ‘ಕುಡಿಯಾಕ ಕಲ್ತಾನ’ ಎಂದರು, ಕೊನೆಗೆ ಎಲ್ಲರೂ ‘ಗಾಳಿ ಬಡದೈತಿ’ ಎಂದರು.

ಇಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ನಿದ್ರೆ. ಚಿಂತೆಯಿಂದ ನಿದ್ದೆಗೆಟ್ಟವನು ಮರುದಿನ ಬಾಡಿರುತ್ತಾನೆ. ನಿದ್ದೆ ಬೇಕೆಂದು ಹಂಬಲಿಸುತ್ತಾನೆ. ಹರ್ಷೋನ್ಮಾದದಲ್ಲಿ ಕುಗ್ಗುವುದು ನಿದ್ರೆಯಷ್ಟೇ ಅಲ್ಲ, ನಿದ್ರೆಯ ಅಗತ್ಯವೇ ಕುಗ್ಗುತ್ತದೆ. ಇದರ ಜೊತೆಗೆ ಅತಿಯಾದ ಮಾತು, ಓಡುವ ಆಲೋಚನೆಗಳು, ಚಂಚಲ ಗಮನ, ತನ್ನ ಶಕ್ತಿಯ ಬಗ್ಗೆ ಮಿತಿಮೀರಿದ ಹಮ್ಮು, ನಿಲ್ಲದ ಚಟುವಟಿಕೆ, ಮುಂದಿನದನ್ನು ಎಣಿಸದ ಖರ್ಚು ಅಥವಾ ಸಾಹಸ, ಇವು ಸೇರುತ್ತವೆ. ಮನಸ್ಸಿನ ಉಬ್ಬರವು ದಿನದ ಬಹುಭಾಗ, ಒಂದು ವಾರವಾದರೂ ನಿಂತು, ಈ ಏಳು ಲಕ್ಷಣಗಳಲ್ಲಿ ಮೂರಾದರೂ ಕೂಡಿಬಂದು, ಬಾಳಿನ ವ್ಯವಹಾರ ಕೆಟ್ಟರೆ ವೈದ್ಯರು ಹರ್ಷೋನ್ಮಾದವೆಂದು ನಿರ್ಣಯಿಸುತ್ತಾರೆ. ಆಸ್ಪತ್ರೆಗೆ ಸೇರಿಸಲೇಬೇಕಾದ ಸ್ಥಿತಿಯಿದ್ದರೆ ವಾರದ ಲೆಕ್ಕ ಬೇಕಿಲ್ಲ. ಹೆಸರಿನಲ್ಲಿ ಹರ್ಷವಿದ್ದರೂ ಎಷ್ಟೋ ಮಂದಿಯಲ್ಲಿ ಕಾಣುವುದು ಸಂತೋಷವಲ್ಲ, ಮುಟ್ಟಿದರೆ ಸಿಡಿಯುವ ಕೋಪ. ಕೋಪವೊಂದೇ ಇದ್ದರೆ ಮೂರರ ಬದಲು ನಾಲ್ಕು ಲಕ್ಷಣಗಳು ಬೇಕೆಂಬುದು ನಿಯಮ.

ಮಾತುಗಾರನಾದವನೆಲ್ಲ ರೋಗಿಯಲ್ಲ. ಅಳತೆಗೋಲು ನೆರೆಮನೆಯವನ ಸ್ವಭಾವವಲ್ಲ, ಆತನದೇ ಹಿಂದಿನ ಸ್ವಭಾವ. ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಸ್ಟೀರಾಯ್ಡ್ ಔಷಧಗಳು, ಮಾದಕ ವಸ್ತುಗಳು ಇದೇ ಚಿತ್ರವನ್ನು ತೋರಬಲ್ಲವಾದುದರಿಂದ ನಿರ್ಣಯವನ್ನು ವೈದ್ಯರಿಗೇ ಬಿಡುವುದು ಲೇಸು.

ಉಬ್ಬರದ ಹಿಂದೆಯೋ ಮುಂದೆಯೋ ಇಳಿತವಿರುವುದು ಈ ರೋಗದ ಸಾಮಾನ್ಯ ಕ್ರಮ. 1854ರಲ್ಲಿ ಫ್ರಾನ್ಸಿನ ಫಾಲ್ರೆ ಮತ್ತು ಬೈಯಾರ್ಜೆ ಎಂಬ ವೈದ್ಯರು, ಉನ್ಮಾದವೂ ವಿಷಾದವೂ ಒಂದೇ ರೋಗದ ಎರಡು ಮುಖಗಳೆಂದು ಬೇರೆ ಬೇರೆಯಾಗಿ ವರ್ಣಿಸಿದರು. ಇಂದು ಇದಕ್ಕೆ ದ್ವಿಧ್ರುವ ಮನೋವ್ಯಾಧಿ, ಅಂದರೆ ಬೈಪೋಲಾರ್, ಎಂಬ ಹೆಸರು ರೂಢಿಯಲ್ಲಿದೆ. ಇಳಿತದಲ್ಲಿ ಮಾತ್ರ ವೈದ್ಯರನ್ನು ಕಂಡು, ಹಿಂದಿನ ಉಬ್ಬರವನ್ನು ಹೇಳದೆ ಬಿಟ್ಟರೆ ಅಪಾಯವುಂಟು: ಖಿನ್ನತೆಯ ಗುಳಿಗೆಯನ್ನಷ್ಟೇ ಕೊಟ್ಟಾಗ ಕೆಲವರು ಉನ್ಮಾದಕ್ಕೆ ಹೊರಳುತ್ತಾರೆ. ರೋಗವು ಕುಲದಲ್ಲಿ ಹರಿದುಬರುವ ಒಲವುಳ್ಳದ್ದು. ಆದರೆ ತಂದೆಗೆ ಬಂದುದು ಮಗನಿಗೆ ಬಂದೇ ಬರುವುದೆಂಬ ನಿಯಮವಿಲ್ಲ. ಒಲವಿದ್ದವರಲ್ಲಿ ನಿದ್ರಾಭಂಗವು ಕಿಡಿಯಾಗಬಹುದು. ಮದುವೆಮನೆ, ಜಾತ್ರೆಯ ರಾತ್ರಿ, ಪರೀಕ್ಷೆಯ ಜಾಗರಣೆ, ರಾತ್ರಿಪಾಳಿಯ ದುಡಿಮೆ ಉಳಿದವರಿಗೆ ಬರಿಯ ಆಯಾಸ, ಇವರಿಗೆ ಹಾಗಲ್ಲ.

ಚಿಕಿತ್ಸೆಯ ಕಥೆ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ಜಪಾನೀಯರ ಸೆರೆಯಲ್ಲಿದ್ದು ಮರಳಿದ ಆಸ್ಟ್ರೇಲಿಯದ ವೈದ್ಯ ಜಾನ್ ಕೇಡ್, ಆಸ್ಪತ್ರೆಯ ಹಳೆಯ ಅಡಿಗೆಕೋಣೆಯೊಂದನ್ನು ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. ಅವನು ಹುಡುಕುತ್ತಿದ್ದುದು ಮೂತ್ರದಲ್ಲಿರಬಹುದಾದ ವಿಷವನ್ನು; ಲಿಥಿಯಂ ಲವಣವನ್ನು ಬಳಸಿದ್ದು ಯೂರಿಕ್ ಆಮ್ಲವನ್ನು ಕರಗಿಸುವ ಅನುಕೂಲಕ್ಕಾಗಿ. ಆದರೆ ಲವಣ ಹೊಕ್ಕ ಪ್ರಾಣಿಗಳು ಮಂದವಾಗಿ ಸುಮ್ಮನೆ ಮಲಗಿದವು. ಊಹೆ ತಪ್ಪಾಗಿದ್ದರೂ ಕಂಡದ್ದನ್ನು ಅವನು ಬಿಡಲಿಲ್ಲ. ಮೊದಲು ತಾನೇ ಸೇವಿಸಿ ನೋಡಿ, ಬಳಿಕ ಹತ್ತು ಮಂದಿ ಉನ್ಮಾದರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲವನ್ನು ಪ್ರಕಟಿಸಿದನು. ಐದು ವರ್ಷ ಉನ್ಮಾದದಲ್ಲೇ ಇದ್ದ ಮೊದಲನೆಯ ರೋಗಿ ಗುಣಹೊಂದಿ ಮನೆಗೆ ಹೋದನು. ಅದೇ ರೋಗಿ 1950ರಲ್ಲಿ ಲಿಥಿಯಂ ವಿಷವೇರಿ ತೀರಿಕೊಂಡನೆಂಬುದನ್ನೂ ಹೇಳಲೇಬೇಕು. ಔಷಧಕ್ಕೂ ವಿಷಕ್ಕೂ ನಡುವಣ ಅಂತರ ಅಷ್ಟು ಕಿರಿದು. ಆದುದರಿಂದಲೇ ಇಂದು ರಕ್ತವನ್ನು ಪರೀಕ್ಷಿಸಿ, ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲಿನೊಳಗೆ ಅದನ್ನು ನಿಲ್ಲಿಸುತ್ತಾರೆ. ಮೂತ್ರಪಿಂಡ ಮತ್ತು ಥೈರಾಯ್ಡುಗಳನ್ನೂ ಆಗಾಗ ಪರೀಕ್ಷಿಸುತ್ತಾರೆ.

ನಮ್ಮ ಕೊಪ್ಪಳದ ಬಿಸಿಲಿಗೆ ಈ ಸಂಗತಿ ನೇರವಾಗಿ ಸಂಬಂಧಿಸಿದೆ. ಲಿಥಿಯಂ ಸೋಡಿಯಂನ ದಾಯಾದಿ. ಮೂತ್ರಪಿಂಡವು ಎರಡನ್ನೂ ಒಂದೇ ದಾರಿಯಲ್ಲಿ ನಡೆಸಿಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳ ಹೊಲಗೆಲಸದಲ್ಲಿ ಬೆವರು ಸುರಿದೋ, ವಾಂತಿಭೇದಿಯಾಗಿಯೋ ದೇಹದ ನೀರೂ ಉಪ್ಪೂ ಕುಗ್ಗಿದರೆ, ಮೂತ್ರಪಿಂಡವು ಉಪ್ಪನ್ನು ಉಳಿಸಿಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗುಳಿಗೆ ಅಷ್ಟೇ ಇದ್ದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಮೈಕೈನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆಗಳೂ ಹೀಗೆಯೇ ಮಾಡುತ್ತವೆ. ಕೈ ಜೋರಾಗಿ ನಡುಗುವುದು, ನಾಲಗೆ ತೊದಲುವುದು, ನಡಿಗೆ ತೂರಾಡುವುದು, ವಾಂತಿ, ಇವು ಕಂಡ ಕೂಡಲೇ ಮುಂದಿನ ಗುಳಿಗೆ ತಡೆದು ಆಸ್ಪತ್ರೆಗೆ ಧಾವಿಸಬೇಕು. ಲಿಥಿಯಂ ಒಂದೇ ಔಷಧವಲ್ಲ. ವಾಲ್ಪ್ರೊಯೇಟ್ ಮತ್ತು ಇತರ ಶಾಮಕಗಳೂ ಉಂಟು. ಆದರೆ ಗರ್ಭದಲ್ಲಿರುವ ಶಿಶುವಿಗೆ ವಾಲ್ಪ್ರೊಯೇಟ್ ಹಾನಿಕರವಾದುದರಿಂದ ತರುಣಿಯರ ವಿಷಯದಲ್ಲಿ ವೈದ್ಯರು ಅದನ್ನು ಸಾಮಾನ್ಯವಾಗಿ ವರ್ಜಿಸುತ್ತಾರೆ.

ಚಿಕಿತ್ಸೆಗೆ ಎಲ್ಲಿಗೆ ಹೋಗಬೇಕು? ಮನೋರೋಗಕ್ಕೆ ದೂರದ ನಗರವೇ ಗತಿಯೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದನ್ನು ಅಲುಗಿಸಿದ ಪ್ರಯೋಗ ನಡೆದುದು ತುಂಗಭದ್ರೆಯ ಆಚೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗದ ಔಷಧವನ್ನು ಹಳ್ಳಿಯ ಸಮೀಪಕ್ಕೆ ತಂದರು. ಈ ಮಾದರಿಯೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಕೊಪ್ಪಳ ಜಿಲ್ಲೆಯವರು ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನವನ್ನು ವಿಚಾರಿಸಬಹುದು, ಇಲ್ಲವೆ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಸಲಹೆ ಕೇಳಲು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ–ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಬೇಕು. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಜೀವಕ್ಕೆ ಅಪಾಯವೆನಿಸಿದರೆ 108 ಅಥವಾ 112. ಗುಡಿಗೋ ದರ್ಗಾಕ್ಕೋ ಹೋಗುವವರನ್ನು ನಾವು ತಡೆಯಲಾರೆವು. ಹರಕೆ ತೀರಿಸುವ ಮೊದಲೇ ಔಷಧ ಆರಂಭವಾಗಲಿ ಎಂದಷ್ಟೇ ಕೇಳುತ್ತೇವೆ. ಆದರೆ ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ.

ರೋಗಿಯನ್ನು ಒಲಿಸುವುದು ಕಷ್ಟದ ಕೆಲಸ. ‘ನಿನಗ ಹುಚ್ಚು ಹಿಡದೈತಿ’ ಎಂದರೆ ಬಾಗಿಲು ಮುಚ್ಚಿದಂತೆಯೇ. ಅವನ ಗಿರಣಿಯ ಲೆಕ್ಕದಲ್ಲಿ ತಪ್ಪು ಹುಡುಕಿ ವಾದಿಸಿದರೂ ಫಲವಿಲ್ಲ. ಅವನೂ ಒಪ್ಪುವ ಸಂಗತಿಯನ್ನು ಹಿಡಿಯಬೇಕು. ಅದು ಹೆಚ್ಚಾಗಿ ನಿದ್ರೆಯೇ. ‘ಅಣ್ಣಾ, ನಾಕು ರಾತ್ರಿ ಆತು ನೀ ಮಲಗಿಲ್ಲ, ನಿದ್ದಿಗೆ ಏನರ ಔಷಧ ಕೇಳೂಣು ಬಾ, ನಾನೂ ಬರ್ತೀನಿ’ ಎಂದು ತಂಗಿ ಕರೆದರೆ ಹೊರಡಬಹುದು. ಅಷ್ಟರೊಳಗೆ ಹಣ, ಹೊಲದ ಕಾಗದಪತ್ರ, ಬೈಕಿನ ಕೀಲಿಗಳನ್ನು ಹಿರಿಯರು ಜೋಪಾನ ಮಾಡಿರಬೇಕು. ಕ್ರಿಮಿನಾಶಕದ ಡಬ್ಬಿಯನ್ನು ಮನೆಯಿಂದಲೇ ದೂರವಿಡಬೇಕು.

ಏಕೆಂದರೆ ಉಬ್ಬರ ಇಳಿದ ಮೇಲಿನ ವಾರಗಳೇ ಹೆಚ್ಚು ಭಯದವು. ತಾನು ಆಡಿದ ಮಾತು, ಮಾಡಿದ ಸಾಲ ಒಂದೊಂದಾಗಿ ನೆನಪಿಗೆ ಬಂದು ನಾಚಿಕೆ ಕವಿಯುತ್ತದೆ. ಸಾಯುವ ಯೋಚನೆ ಸುಳಿಯುವುದು ಆಗಲೇ. ಅಂಥವನು ಕಾಲೇಜಿಗೆ ಮರಳಿದಾಗ ಹಳೆಯದನ್ನು ಆಡಿ ನಗುವ ಗೆಳೆಯರಿಗಿಂತ, ತಪ್ಪಿದ ಪಾಠದ ಟಿಪ್ಪಣಿ ಕೊಟ್ಟು ಪಕ್ಕದಲ್ಲಿ ಕೂರುವವನೊಬ್ಬನಿದ್ದರೆ ಸಾಕು. ಗುಣವಾಯಿತೆಂದು ಗುಳಿಗೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಮೇಲೆ ಹೇಳಿದ ಕಾಯಿದೆಯು ವಯಸ್ಕನಾದ ಪ್ರತಿಯೊಬ್ಬನಿಗೂ ಒಂದು ಹಕ್ಕನ್ನು ಕೊಟ್ಟಿದೆ: ಮುಂದೆ ಅಸ್ವಸ್ಥನಾದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂಬುದನ್ನು ಬುದ್ಧಿ ಸ್ವಸ್ಥವಾಗಿರುವಾಗಲೇ ಬರೆದಿಡುವ ಹಕ್ಕು. ನಮ್ಮ ಉದಾಹರಣೆಯ ತರುಣನು ಅದರಲ್ಲಿ ಬಹುಶಃ ತಂಗಿಯ ಹೆಸರನ್ನೇ ಬರೆದಾನು.